ಬಚ್ಚಲ ನೀರು ಮತ್ತು ಎರಡನೇ ಅಧ್ಯಾಯ

ನಮ್ಮೂರಿನ ಹೆಸರು ಗೂಗಲ್. ಬೆಂಗಳೂರಿನಲ್ಲಿ ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನಾನು ಆ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ ಎಂದು ತಿಳಿದುಕೊಳ್ಳುತ್ತಾರೆ. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು, ಕೃಷ್ಣೆಯ ದಂಡೆಯ ಮೇಲಿನ ಊರು. ಅಲ್ಲಮಪ್ರಭುವಿನ ಗುಡಿ ಇದೆ, ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಇದೆ, ಏಪ್ರಿಲ್ ತಿಂಗಳಲ್ಲಿ ಬರಿಗಾಲಿಡಲಾಗದಷ್ಟು ಕಾಯುವ ಬಂಡೆಗಳಿವೆ. ಇಂಥ ಬಿಸಿಲೂರಿನವನು ಬಿಸಿನೀರಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ಅದಕ್ಕೊಂದು ಕಾರಣವಿದೆ.

ನನ್ನ ಪಿಎಚ್‌ಡಿ ವಿಷಯ ಕನ್ನಡದಲ್ಲಿ ಬಂದ ಮನಶ್ಶಾಸ್ತ್ರದ ಪಠ್ಯಪುಸ್ತಕಗಳ ಚರಿತ್ರೆ. ಫೆಲೋಶಿಪ್ ಸರಿಯಾಗಿ ಬಾರದ ವರ್ಷಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಬಿಎ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಈ ಪಠ್ಯಗಳದ್ದೆಲ್ಲ ಒಂದೇ ಕ್ರಮ. ಮೊದಲನೇ ಅಧ್ಯಾಯದಲ್ಲಿ ಮನಶ್ಶಾಸ್ತ್ರ ಎಂದರೇನು, ಎರಡನೆಯದರಲ್ಲಿ ವರ್ತನೆಯ ಜೈವಿಕ ಆಧಾರಗಳು. ನರಕೋಶದ ಚಿತ್ರ, ಮೆದುಳಿನ ನಾಲ್ಕು ಹಾಲೆಗಳ ಚಿತ್ರ, ನಿರ್ನಾಳ ಗ್ರಂಥಿಗಳ ಪಟ್ಟಿ. ಅದರ ನಡುವೆ ನಾಲ್ಕೈದು ಕಥೆಗಳು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿ ಹಾಕುವಾಗ ಕಬ್ಬಿಣದ ಸಲಾಕೆ ತಲೆಬುರುಡೆಯನ್ನು ತೂರಿಹೋದರೂ ಬದುಕಿ, ಸ್ವಭಾವವೇ ಬದಲಾದ ಫಿನಿಯಸ್ ಗೇಜ್. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಕಂಡ, ಒಂದೇ ಒಂದು ಶಬ್ದ ಬಿಟ್ಟು ಮಾತೇ ಬಾರದಿದ್ದ ರೋಗಿ. ಅಪಸ್ಮಾರ ಹೋಗಲೆಂದು 1953ರಲ್ಲಿ ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು ತೆಗೆಸಿಕೊಂಡು, ಹೊಸ ನೆನಪುಗಳನ್ನೇ ಕಟ್ಟಲಾಗದೆ ಉಳಿದ ಹೆನ್ರಿ ಮೊಲೈಸನ್. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಕೆನಡಾದಲ್ಲಿ ಇಲಿಗಳ ಮೆದುಳಿಗೆ ತಂತಿ ಇಟ್ಟ ಪ್ರಯೋಗ. ಸನ್ನೆ ಒತ್ತಿದರೆ ಮೆದುಳಿಗೆ ಸಣ್ಣ ವಿದ್ಯುತ್. ಇಲಿಗಳು ಗಂಟೆಗೆ ನೂರಾರು ಸಲ, ಬಿಡದೆ ಒತ್ತಿದವು.

ಎರಡು ವರ್ಷದ ಹಿಂದೆ ಈ ಪಾಠ ಮುಗಿಸಿ ಸೀಮೆಸುಣ್ಣ ಇಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಇವೆಲ್ಲಾ ಅಲ್ಲಿವೇ ಅದಾವಲ್ರೀ. ನಮ್ಮ ಕಡಿದು ಒಂದೂ ಇಲ್ಲೇನ್ರಿ?" ನಾನು ಏನೋ ಸಮಾಧಾನ ಹೇಳಿ ಹೊರಬಂದೆ. ಆದರೆ ಬಸ್ಸಿನಲ್ಲಿ ಊರಿಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಓಡಿದ್ದು ನಮ್ಮ ಸಣ್ಣವ್ವನ ಜಳಕ.

ಸಣ್ಣವ್ವ ಎಂದರೆ ನಮ್ಮವ್ವನ ತಂಗಿ. ನನಗೆ ಏಳೆಂಟು ವರ್ಷವಿದ್ದಾಗ ಅಕಿಗೆ ಇಪ್ಪತ್ತರ ಆಸುಪಾಸು. ವಾರಕ್ಕೊಮ್ಮೆ ತಲೆಗೆ ಎರಕೊಳ್ಳುವ ದಿನ ಹಂಡೆಯ ಕೆಳಗೆ ಹತ್ತಿಕಟಿಗೆ ತುರುಕುವ ಕೆಲಸ ನನ್ನದು. ಬಚ್ಚಲೊಳಗೆ ಆಯಿ ಚರಿಗೆಯಿಂದ ಒಂದೇ ಸಮ ನೀರು ಹಾಕುತ್ತಿದ್ದಳು. ಒಂದು ಹಂತದಲ್ಲಿ ಸಣ್ಣವ್ವನ ದನಿ ಬದಲಾಗುತ್ತಿತ್ತು. "ಇನ್ನೊಂದು ಚರಿಗಿ ಹಾಕವ್ವ... ಇನ್ನೊಂದು..." ಅಂತ ಮೆಲ್ಲಗೆ, ನಿದ್ದೆಯಲ್ಲಿ ಅಂದಂತೆ. ಆಮೇಲೆ ಮಾತಿಲ್ಲ. ಆಯಿ ಕೂಗುತ್ತಿದ್ದಳು, ನಮ್ಮವ್ವ ಕೈಯಲ್ಲಿ ಕಬ್ಬಿಣದ ಕೀಲಿ ಹಿಡಕೊಂಡು ಓಡುತ್ತಿದ್ದಳು. ಎರಡು ಮೂರು ನಿಮಿಷಕ್ಕೆ ಎಲ್ಲ ಸರಿಹೋಗುತ್ತಿತ್ತು. ಹೊಳೆಗೆ ಹೋಗಿ ಜಳಕ ಮಾಡಿದ ದಿನ ಅಕಿಗೆ ಏನೂ ಆಗುತ್ತಿರಲಿಲ್ಲ. ಇದನ್ನು ಎಲ್ಲರೂ ಗಮನಿಸಿದ್ದರು. ಅದಕ್ಕೆ ಊರು ಕಂಡುಕೊಂಡ ಅರ್ಥ ಬೇರೆ: ಹೊಳೆ ಎಂದರೆ ಗಂಗವ್ವ, ಅಲ್ಲಿ ಗಾಳಿ ಹತ್ತಿರ ಬರುವುದಿಲ್ಲ, ಬಚ್ಚಲು ಮೈಲಿಗೆಯ ಜಾಗ, ಅಲ್ಲಿ ಕೂತಿರುತ್ತದೆ.

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಈ ಬಚ್ಚಲೇ. ಅದಕ್ಕೆ ಒಂದು ಹೆಸರಿದೆ, ಬಿಸಿನೀರಿನ ಅಪಸ್ಮಾರ. ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಅದರ ಚರಿತ್ರೆಯ ಬಹುಭಾಗ ಬರೆಯಲಾಗಿರುವುದು ಕರ್ನಾಟಕದಲ್ಲಿ.

ಅದನ್ನು ಹೇಳುವ ಮೊದಲು ಸ್ವಲ್ಪ ಮೈಸೂರಿಗೆ ಹೋಗಬೇಕು. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ದೇಶದಲ್ಲಿ ಅದಕ್ಕೂ ಮುಂಚೆ ಇದ್ದದ್ದು 1916ರ ಕಲ್ಕತ್ತದ ವಿಭಾಗ. ಮೈಸೂರಿನದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಕನ್ನಡಿಗರಿಗೆ ಅವರು ಗೊತ್ತಿರುವುದು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ಆಕಾಶವಾಣಿ ಎಂಬ ಹೆಸರನ್ನು ದೇಶಕ್ಕೆ ಕೊಟ್ಟ ಕೇಂದ್ರದ ಸ್ಥಾಪಕರೆಂದು. ಆದರೆ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ ಕಲಿತು ಬಂದ ಮನಶ್ಶಾಸ್ತ್ರಜ್ಞ. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸಿದರು. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯವನ್ನೂ ತೆರೆದರು. ಭಾರತದಲ್ಲಿ ಅಂಥದ್ದು ಅದೇ ಮೊದಲು ಎಂದು ಈ ಶಾಸ್ತ್ರದ ಚರಿತ್ರೆ ಬರೆದವರು ದಾಖಲಿಸುತ್ತಾರೆ. ಅದೇ 1924ರಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ್ದ. ತನ್ನ ಕಣ್ಣನ್ನೇ ನಂಬದೆ ಐದು ವರ್ಷ ಕಾದು, 1929ರಲ್ಲಿ ಪ್ರಕಟಿಸಿದ. ಇಇಜಿ ಹುಟ್ಟಿದ್ದು ಹಾಗೆ.

ಇನ್ನೊಂದು ಕವಲು ಬೆಂಗಳೂರಿನದು. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. (ಗೋಪಾಲಸ್ವಾಮಿ, ಗೋವಿಂದಸ್ವಾಮಿ, ಇಬ್ಬರಿಗೂ ಎಂ.ವಿ. ಎಂಬ ಇನಿಷಿಯಲ್ಲು. ನನ್ನ ಟಿಪ್ಪಣಿಗಳಲ್ಲಿ ಇವರಿಬ್ಬರನ್ನೂ ನಾನು ಎಷ್ಟು ಸಲ ಅದಲುಬದಲು ಮಾಡಿದ್ದೇನೋ.) 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನರರೋಗ ತಜ್ಞರು, ನರಶಸ್ತ್ರಚಿಕಿತ್ಸಕರು ಒಂದೇ ಕಾಂಪೌಂಡಿನೊಳಗೆ ಇದ್ದದ್ದು ನಮ್ಮ ಕಥೆಗೆ ಬಹಳ ಮುಖ್ಯ. ಬಚ್ಚಲಲ್ಲಿ ಮೈಮರೆಯುವ ಹುಡುಗನನ್ನು ಕರೆತಂದರೆ ಅವನು ಯಾರ ರೋಗಿ? ಮನಸ್ಸಿನ ವೈದ್ಯರದೋ, ಮೆದುಳಿನ ವೈದ್ಯರದೋ? ಅಲ್ಲಿ ಈ ಪ್ರಶ್ನೆಯನ್ನು ಒಂದು ಕಾರಿಡಾರ್ ದಾಟಿ ಕೇಳಬಹುದಿತ್ತು.

ಬಿಸಿನೀರಿನಿಂದ ಮೂರ್ಛೆ ಬರುವ ಮೊದಲ ದಾಖಲೆ 1945ರದು, ನ್ಯೂಜಿಲೆಂಡ್‌ನ ಹತ್ತು ವರ್ಷದ ಒಬ್ಬ ಹುಡುಗನದು. ಅಲ್ಲಿಂದ ಮುಂದೆ ಜಪಾನಿನಲ್ಲಿ, ಬೇರೆಡೆಗಳಲ್ಲಿ ಒಂದೊಂದು ಎರಡೆರಡು ಪ್ರಕರಣಗಳು. 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಾಥಮಿಕ ವರದಿ ಪ್ರಕಟಿಸಿದರು. 1972ರಲ್ಲಿ 60 ರೋಗಿಗಳ ವಿವರ, 1974ರಲ್ಲಿ 108 ರೋಗಿಗಳ ವಿವರ. ಪ್ರಪಂಚದಲ್ಲೆಲ್ಲ ಬಿಡಿಬಿಡಿಯಾಗಿ ಕಂಡ ಅಪರೂಪದ ಕಾಯಿಲೆ ಇಲ್ಲಿ ನೂರರ ಲೆಕ್ಕದಲ್ಲಿ! 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ಜನರ ಅಧ್ಯಯನವನ್ನು ಹೊರತಂದರು. ಸತೀಶ್‌ಚಂದ್ರ ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು.

ಈ ಬರಹಗಳನ್ನು ಓದುವಾಗ ನನಗೆ ಹಿಡಿಸಿದ್ದು ಅವರು ಜಳಕವನ್ನು ಬಣ್ಣಿಸುವ ರೀತಿ. ಪರದೇಶದ ಓದುಗರಿಗೆ ಅರ್ಥವಾಗಲೆಂದು ಕನ್ನಡದ ಬಚ್ಚಲನ್ನು ಅವರು ವಿಜ್ಞಾನದ ಭಾಷೆಯಲ್ಲಿ ಬಿಡಿಸಿ ಹೇಳಬೇಕಾಯಿತು. ದಕ್ಷಿಣ ಕರ್ನಾಟಕದಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಲೆಸ್ನಾನ. ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ತೊಟ್ಟಿಯಲ್ಲಿ ಮುಳುಗುವುದಲ್ಲ, ಷವರ್ ಅಲ್ಲ. ಚೊಂಬಿನಿಂದ ತಲೆಯ ಮೇಲೆ ಬೇಗಬೇಗ ಹೊಯ್ದುಕೊಳ್ಳುವುದು. ಬಿಸಿ, ಚರ್ಮಕ್ಕೆ ತಾಗುವ ರಭಸ, ತಲೆಯ ಮೇಲೇ ಬೀಳುವುದು, ಒಂದರ ಹಿಂದೊಂದು ಬೀಳುವುದು, ಎಲ್ಲ ಸೇರಿದಾಗ ಕೆಲವರ ಮೆದುಳು ತಾಳಲಾರದು. ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹರೆಯದವರು, ಗಂಡಸರು ಹೆಂಗಸರಿಗಿಂತ ಎರಡೂವರೆ ಮೂರು ಪಟ್ಟು ಹೆಚ್ಚು. ಮೂರರಲ್ಲಿ ಎರಡು ಪಾಲಿನವರಿಗೆ ಬರುವುದು ಕೈಕಾಲು ಸೆಟೆದು ಬೀಳುವ ಮೂರ್ಛೆಯಲ್ಲ. ದಿಟ್ಟಿ ಒಂದೆಡೆ ನೆಟ್ಟುಬಿಡುತ್ತದೆ, ಏನೋ ಗುನುಗುತ್ತಾರೆ, ಭಯ ಆವರಿಸುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡುತ್ತಾರೆ. ನೋಡುವವರ ಕಣ್ಣಿಗೆ ಇದು ರೋಗದಂತೆ ಕಾಣುವುದೇ ಇಲ್ಲ, ಮೈಮೇಲೆ ಬಂದಂತೆ ಕಾಣುತ್ತದೆ. ಅವರ ಮನೆತನದಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ ಇರುವುದು, ಚಿಕ್ಕಂದಿನಲ್ಲಿ ಜ್ವರ ಏರಿದಾಗ ಫಿಟ್ಸ್ ಬಂದಿರುವುದು, ಇವೂ ಸಾಕಷ್ಟು ಮಂದಿಯಲ್ಲಿ ಕಂಡವು.

ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತುಕೊಂಡೆ. ಕೆಲವು ರೋಗಿಗಳು, ಸುಮಾರು ನೂರಕ್ಕೆ ಹತ್ತು ಜನ, ಮೂರ್ಛೆಯ ಅಂಚಿಗೆ ಬಂದಾಗ ಒಂದು ಬಗೆಯ ಸುಖ ಅನುಭವಿಸುತ್ತಾರೆ. ನಿಲ್ಲಿಸಲಾಗದೆ ಮೇಲಿಂದ ಮೇಲೆ ನೀರು ಹೊಯ್ದುಕೊಳ್ಳುತ್ತಾರೆ. ಇನ್ನೊಂದು ಚರಿಗಿ ಹಾಕವ್ವ.

ಓಲ್ಡ್ಸ್ ಮತ್ತು ಮಿಲ್ನರ್ ಅವರ ಇಲಿ ನೆನಪಾಗದೆ ಹೇಗೆ? ಆ ಇಲಿಗಳು ಸನ್ನೆ ಒತ್ತಿದ ವರ್ಷವೇ ಬೆಂಗಳೂರಿನ ಸಂಸ್ಥೆಯೂ ಹುಟ್ಟಿದ್ದು. ಎರಡನೇ ಅಧ್ಯಾಯದಲ್ಲಿ ಆ ಇಲಿಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, "ನೋಡಿ, ಬಯಕೆಗೂ ಮೆದುಳಿನಲ್ಲಿ ಒಂದು ಜಾಗವಿದೆ" ಎಂದು ಎಷ್ಟು ಸಲ ಹೇಳಿದ್ದೆ! ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಲಿಯ ಸನ್ನೆಯೂ ಬಚ್ಚಲ ಚರಿಗೆಯೂ ಒಂದೇ ಎಂದು ಸಾಧಿಸಿದವರಿಲ್ಲ. ನನ್ನ ಹೋಲಿಕೆ ಪಾಠ ಮಾಡುವವನ ಹೋಲಿಕೆ. ಆದರೆ ಒಂದು ಹೆಣ್ಣುಮಗಳು ಸುಖಪಟ್ಟಳು ಎಂಬುದನ್ನು ಅವಳ ನಡತೆಯ ಲೆಕ್ಕಕ್ಕೆ ಬರೆಯಬೇಕೋ ನರಮಂಡಲದ ಲೆಕ್ಕಕ್ಕೆ ಬರೆಯಬೇಕೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ನಮ್ಮ ಆಯಿಯೇ ಒಮ್ಮೆ ಸಿಟ್ಟಿನಲ್ಲಿ, "ಬೇಕಂತ ಮಾಡ್ತಾಳ ಇಕಿ" ಅಂದಿದ್ದಳು. ಆಯಿಯ ಗಮನಿಕೆ ತಪ್ಪಾಗಿರಲಿಲ್ಲ. ಅದಕ್ಕೆ ಅಕಿ ಹಚ್ಚಿದ ಹೆಸರು ತಪ್ಪಾಗಿತ್ತು.

ಬೆಂಗಳೂರಿನಲ್ಲೂ ಇಲಿಗಳ ಮೇಲೆ ಪ್ರಯೋಗ ನಡೆಯಿತು. 1990ರ ದಶಕದಲ್ಲಿ ನಿಮ್ಹಾನ್ಸ್‌ನಲ್ಲಿ ಸತೀಶ್‌ಚಂದ್ರ, ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮತ್ತು ಸಂಗಡಿಗರು ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ನೋಡಿದರು. ಮೈಬಿಸಿ ಒಂದು ಮಟ್ಟ ದಾಟಿದಾಗ ಅವಕ್ಕೂ ಮೂರ್ಛೆ ಬಂತು. ಪದೇಪದೇ ಹೀಗೆ ಮಾಡಿದಾಗ ಮೂರ್ಛೆ ಮೊದಲಿಗಿಂತ ಸುಲಭವಾಗಿ ಬರತೊಡಗಿತು. ಒಲೆಗೆ ಬೆಂಕಿ ಹತ್ತಿಸುವಾಗ ಮೊದಲು ಎಷ್ಟು ಊದಿದರೂ ಹೊಗೆಯೇ. ಒಮ್ಮೆ ಕಟ್ಟಿಗೆ ಕಾದಮೇಲೆ ಒಂದು ಊದಿಗೇ ಭುಗಿಲೆನ್ನುತ್ತದಲ್ಲ, ಹಾಗೆ. ನರವಿಜ್ಞಾನದಲ್ಲಿ ಇದಕ್ಕೆ ಇಟ್ಟಿರುವ ಹೆಸರೂ ಬೆಂಕಿ ಹೊತ್ತಿಸುವ ಅರ್ಥದ್ದೇ, ಕಿಂಡ್ಲಿಂಗ್. ವಾರವಾರವೂ ಬಿಸಿನೀರು ಹೊಯ್ಯುವ ಪದ್ಧತಿಯೇ ಮೆದುಳನ್ನು ಹೀಗೆ ಹದ ಮಾಡಿಟ್ಟಿರಬಹುದೆಂದು ಅವರು ವಾದಿಸಿದರು. ಇದಾದ ಮೇಲೆ, 2009ರಲ್ಲಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆಗೂಡಿ, ಈ ಕಾಯಿಲೆ ಹಲವರಿಗಿರುವ ಮನೆತನಗಳ ರಕ್ತದ ಮಾದರಿಗಳಿಂದ 4ನೇ ಮತ್ತು 10ನೇ ವರ್ಣತಂತುಗಳ ಮೇಲೆ ಇದರ ಸುಳಿವಿರುವ ಜಾಗಗಳನ್ನು ಗುರುತಿಸಿತು. ವಂಶವಾಹಿಯೂ ಬೇಕು, ಹಂಡೆಯೂ ಬೇಕು. ಎರಡನೇ ಅಧ್ಯಾಯದಲ್ಲಿ ಪ್ರಕೃತಿಯೋ ಪೋಷಣೆಯೋ ಎಂದು ಪುಟಗಟ್ಟಲೆ ಬರುವ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಯಾವ ಪಠ್ಯದಲ್ಲೂ ಅದನ್ನು ನಾನು ಕಂಡಿಲ್ಲ, ಕನ್ನಡದಲ್ಲಿ ಬರೆದ ಪಠ್ಯಗಳಲ್ಲೂ. ನಮ್ಮ ಪಠ್ಯಕಾರರು ವರ್ಮಾಂಟ್‌ನ ಸಲಾಕೆಯ ಉದ್ದ ಬರೆಯುತ್ತಾರೆ.

ಕನ್ನಡದಲ್ಲಿ ಬರೆಯುವವರು ಇರಲಿಲ್ಲ ಎಂದಲ್ಲ. ರಾಶಿ ಎಂಬ ಹೆಸರಿನಲ್ಲಿ ಕೊರವಂಜಿ ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ಮನೋವೈದ್ಯಕೀಯ ಕೃತಿ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳ ತನಕ ಹೋಗಿವೆ. ಆದರೆ ತರಗತಿಯ ಪಠ್ಯ ಎಂಬುದು ಬೇರೆಯೇ ಜಾತಿ. ಅದು ಇಂಗ್ಲಿಷ್ ಪಠ್ಯವನ್ನು ನೋಡಿ ಹುಟ್ಟುತ್ತದೆ.

ನನ್ನೊಳಗಿನ ಚರಿತ್ರೆಯ ವಿದ್ಯಾರ್ಥಿಗೆ ಇನ್ನೊಂದು ಅನುಮಾನ ಬಂತು. ಈ ಬರಹಗಳೆಲ್ಲ ಬಿಸಿನೀರಿನ ಅಪಸ್ಮಾರವನ್ನು ಹಳೇ ಮೈಸೂರಿನ ಕಾಯಿಲೆ ಎನ್ನುತ್ತವೆ. ಮಣಿಯವರು 1990ರ ಹೊತ್ತಿಗೆ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ಮನೆಮನೆ ಸಮೀಕ್ಷೆ ಮಾಡಿಸಿದಾಗ ಅಪಸ್ಮಾರ ಇದ್ದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಯದು ಬಿಸಿನೀರಿನದಾಗಿತ್ತು. ಅಲ್ಲಿ ಅದು ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ. ಆದರೆ ರಾಯಚೂರು 1956ರ ತನಕ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಜಿಲ್ಲೆ. ಬೆಂಗಳೂರು ನಮಗೆ ನಾನೂರು ಕಿಲೋಮೀಟರಿಗಿಂತ ದೂರ. ಚಾಮರಾಜನಗರದ ಹುಡುಗ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ನಿಮ್ಹಾನ್ಸ್ ಸಾಲಿನಲ್ಲಿ ನಿಲ್ಲಬಹುದು. ಗೂಗಲ್ಲಿನ ಹುಡುಗಿ ನಿಲ್ಲುವುದು ಗುಡಿಯ ಮುಂದೆ. ರೋಗದ ನಕ್ಷೆ ಒಮ್ಮೊಮ್ಮೆ ಆಸ್ಪತ್ರೆಗೆ ಹೋಗುವ ಬಸ್ಸುಗಳ ನಕ್ಷೆಯೂ ಆಗಿರುತ್ತದೆ ಎಂದು ನನ್ನ ಅಂದಾಜು.

ಸಣ್ಣವ್ವನನ್ನು ಗುಡಿಗೂ ಒಯ್ದರು, ದರ್ಗಾಕ್ಕೂ ಒಯ್ದರು. ಪಟ್ಟಣದ ವೈದ್ಯರೊಬ್ಬರ ಹತ್ತಿರವೂ ಹೋದರು. ಅವರು ಫಿಟ್ಸ್ ಎಂದು ಕೇಳಿದ ಕೂಡಲೇ ಗುಳಿಗೆ ಬರೆದರು. ದಿನವಿಡೀ ತೂಕಡಿಸುವಂತಾಗಿ ಅಕಿ ಎರಡು ತಿಂಗಳಲ್ಲಿ ಬಿಟ್ಟಳು. ಎಲ್ಲಿ ಬರುತ್ತದೆ, ಯಾವಾಗ ಬರುತ್ತದೆ, ಜಳಕ ಹೇಗೆ ಮಾಡುತ್ತೀ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸರಳವಿತ್ತು. ನೀರಿನ ಬಿಸಿ ಇಳಿಸುವುದು, ತಲೆಗೆ ಒಂದೇ ಸಮ ಹೊಯ್ಯದಿರುವುದು. ಬೇಕಿದ್ದರೆ ಜಳಕಕ್ಕೆ ಒಂದೆರಡು ತಾಸು ಮುಂಚೆ ಮಾತ್ರ ನುಂಗುವ ಕ್ಲೋಬಜಾಮ್ ಗುಳಿಗೆಯ ಕ್ರಮವನ್ನು ಬೆಂಗಳೂರಿನವರು ಆಗಲೇ ರೂಢಿಗೆ ತಂದಿದ್ದರು.

2004ರಲ್ಲಿ ಅಕಿಗೆ ಮಾನ್ವಿ ಕಡೆಯ ಗಂಡು ಗೊತ್ತಾಯಿತು. ನಿಶ್ಚಯವೂ ಆಯಿತು. ಮುಂದೆ ಹದಿನೈದು ದಿನಕ್ಕೆ ಯಾರೋ ಹೋಗಿ ಹೇಳಿದರು. ಗಂಡಿನ ಕಡೆಯ ಹಿರಿಯರು ಬಂದು ನಮ್ಮ ಪಡಸಾಲೆಯಲ್ಲಿ ಕೂತದ್ದು, ಚಹಾ ಮುಟ್ಟದೆ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅವರಲ್ಲೊಬ್ಬರು ಕೋರ್ಟು ಕಚೇರಿ ಬಲ್ಲವರು. "ಮೂರ್ಛಿರೋಗ ಇದ್ದವರ ಮದುವಿ ಕಾಯ್ದೆದಾಗೂ ನಡಿಯಂಗಿಲ್ರಿ ಗೌಡ್ರ, ನಾವೇನು ಮಾಡಾಣ" ಎಂದರು. ನಮ್ಮ ಮುತ್ಯಾ ಮರುಮಾತಾಡಲಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಮಾತು. 1976ರ ತಿದ್ದುಪಡಿಯಾದ ಮೇಲೆ ಹಿಂದೂ ವಿವಾಹ ಕಾಯ್ದೆಯ 5ನೇ ಕಲಮಿನಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳಲ್ಲಿ ಪದೇಪದೇ ಬರುವ ಬುದ್ಧಿಭ್ರಮಣೆಯ ಜೊತೆಗೇ ಅಪಸ್ಮಾರವೂ ಇತ್ತು. ವೈದ್ಯರು, ಅಪಸ್ಮಾರ ಸಂಘದವರು ಬಹುಕಾಲ ಇದನ್ನು ವಿರೋಧಿಸಿದರು. 1999ರಲ್ಲಿ ಸಂಸತ್ತು ಆ ಒಂದು ಶಬ್ದವನ್ನು ಕಾಯ್ದೆಯಿಂದ ತೆಗೆದುಹಾಕಿತು. ನಮ್ಮ ಪಡಸಾಲೆಯಲ್ಲಿ ಅವರು ಕೂತದ್ದು ಅದಾಗಿ ಐದು ವರ್ಷಕ್ಕೆ. ಹಿಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥವೊಂದು ಈ ರೋಗ ದೇವರದಲ್ಲ, ಮೆದುಳಿನದು ಎಂದು ವಾದಿಸಿದ್ದು ಸುಮಾರು 2400 ವರ್ಷಗಳ ಹಿಂದೆ. ಚರಕಸಂಹಿತೆಯೂ ಅಪಸ್ಮಾರವನ್ನು ದೋಷಗಳ ಲೆಕ್ಕದಲ್ಲಿಟ್ಟು ಚಿಕಿತ್ಸೆ ಹೇಳುತ್ತದೆ. ಅದರ ಮುಂದೆ ಐದು ವರ್ಷ ಏನು ದೊಡ್ಡದು ಎಂದು ಕೇಳಬಹುದು. ಸಣ್ಣವ್ವನಿಗೆ ಆಮೇಲೆ ಮದುವೆಯಾಗಲಿಲ್ಲ.

ಹೋದ ವರ್ಷ ಅಕಿಯನ್ನು ನರರೋಗ ತಜ್ಞರೊಬ್ಬರ ಬಳಿ ಕರೆದೊಯ್ದೆ. ನಲವತ್ತು ದಾಟಿದ್ದಾಳೆ. ಹೊಲಿಗೆ ಮಷೀನು ಇಟ್ಟುಕೊಂಡು ಊರವರ ಜಂಪರು ಹೊಲಿಯುತ್ತಾಳೆ. ಮೂರ್ಛೆ ನಿಂತು ಹತ್ತು ಹನ್ನೆರಡು ವರ್ಷವಾಗಿದೆ, ಏಕೆಂದರೆ ಅಕಿಯೇ ಯಾರಿಗೂ ಹೇಳದೆ ಉಗುರುಬೆಚ್ಚಗಿನ ನೀರಿಗೆ ಬದಲಾಗಿದ್ದಳು. ವೈದ್ಯರು ಅರ್ಧ ತಾಸು ಕೇಳಿದರು. ಇಇಜಿಯಲ್ಲಿ ಏನೂ ಕಾಣಲಿಲ್ಲ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ಇಂಥವರಲ್ಲಿ ಹೆಚ್ಚಿನವರಿಗೆ ಹಾಗೇ ಇರುತ್ತದಂತೆ. ನೀವು ಹೇಳುವುದನ್ನು ನೋಡಿದರೆ ಅದೇ ಇದ್ದೀತು ಎಂದರು, ಈಗ ಮಾಡುತ್ತಿರುವುದನ್ನೇ ಮುಂದುವರಿಸಿ ಎಂದರು.

ಊರಿಗೆ ಬಂದ ಮೇಲೆ ನಾನು ಇದನ್ನು ಬರೆಯಲೇ ಎಂದು ಕೇಳಿದೆ. "ಹೆಸರು ಹಾಕಬ್ಯಾಡ, ಉಳಿದದ್ದು ಬರಿ" ಎಂದಳು. ನಾನು 1988ರ ಅಧ್ಯಯನವನ್ನು ತೆಗೆದು ಕನ್ನಡದಲ್ಲಿ ಓದಿ ಹೇಳುತ್ತಾ ಹೋದೆ. ಸುಖದ ಮಾತು ಬಂದಾಗ ನನಗೆ ಸಂಕೋಚ, ಅಕಿಗೆ ಇರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಲೇ, "ಹೌದು, ಹಂಗೇ ಆಗ್ತಿತ್ತು. ಯಾರಿಗೆ ಹೇಳಬೇಕಿತ್ತು? ನಮ್ಮವ್ವಗ ಹೇಳಿದ್ರ ಕೊಂದೇ ಬಿಡ್ತಿದ್ಳು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಆ ಎರಡುನೂರಾ ಎಪ್ಪತ್ತೊಂಬತ್ತು ಮಂದ್ಯಾಗ ಹೆಣಮಕ್ಕಳು ಎಷ್ಟು?"

ಗಂಡಸರು ಎರಡೂವರೆ ಮೂರು ಪಟ್ಟು ಎಂದಮೇಲೆ ಎಪ್ಪತ್ತು ಎಂಬತ್ತು ಇದ್ದಾರು ಎಂದು ಲೆಕ್ಕ ಹಾಕಿ ಹೇಳಿದೆ.

"ಅವರವು ಮದುವಿ ಆದುವೇನು?"

ನಾನು ಹಾಳೆ ತಿರುವಿದೆ. ಅಕಿ ಉತ್ತರಕ್ಕೆ ಕಾಯಲಿಲ್ಲ. ಸಂಜೆಯಾಗಿತ್ತು, ಮಷೀನಿನ ಮೇಲೆ ಬಟ್ಟೆ ಹೊದಿಸಿ ಎದ್ದು ಹೋಗಿ ಹಂಡೆಗೆ ನೀರು ತುಂಬಿದಳು. ಆಮೇಲೆ ಬಚ್ಚಲ ಬಾಗಿಲಲ್ಲಿ ನಿಂತು ಮೊಣಕೈ ಅದ್ದಿ ನೋಡಿ, ಇನ್ನೊಂದು ತಂಬಿಗೆ ತಣ್ಣೀರು ಸುರುವಿಕೊಂಡಳು.